ಆಂಬುಲೆನ್ಸ್ ಕೊಟ್ಟರೆ ಸಾಲದು, ಜನರನ್ನೂ ತಯಾರು ಮಾಡಿ

ಸಂಪಾದಕರೇ,

ಮುಂಬಯಿಯಲ್ಲಿ ನಮ್ಮ ಕನ್ನಡಿಗರ ಸಂಘಗಳು ಆಂಬುಲೆನ್ಸ್ ಕೊಡುಗೆ ಕೊಟ್ಟ ಸುದ್ದಿ, ಫೋಟೋ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತವೆ. ನೋಡಿ ಖುಷಿಯಾಗುತ್ತದೆ. ಆದರೆ ಗಾಡಿಯ ಒಳಗೆ ರೋಗಿಯ ಪಕ್ಕ ಕೂರುವವರು ಯಾರು ಅನ್ನುವುದು ಸುದ್ದಿಯಲ್ಲಿ ಇರುವುದೇ ಇಲ್ಲ. ನಮ್ಮ ಕಟ್ಟಡದ ಹಿರಿಯರೊಬ್ಬರಿಗೆ ಉಸಿರಾಟದ ತೊಂದರೆಯಾದಾಗ ಬಂದ ಗಾಡಿಯಲ್ಲಿ ಆಕ್ಸಿಜನ್ ಸಿಲಿಂಡರ್ ಇತ್ತು, ಅದನ್ನು ಹಾಕಲು ಗೊತ್ತಿದ್ದವರು ಇರಲಿಲ್ಲ. ಡ್ರೈವರ್ ಒಬ್ಬನೇ, ಪಾಪ, ಗಾಡಿ ಓಡಿಸುತ್ತಾನಾ, ರೋಗಿಯನ್ನು ನೋಡುತ್ತಾನಾ?

ಇದಕ್ಕೇ ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಫ್ರೀಡಂ ಹೌಸ್ ಆಂಬುಲೆನ್ಸ್ ಕಥೆ ನಮ್ಮವರಿಗೆ ಗೊತ್ತಾಗಬೇಕು. 1960ರ ದಶಕದಲ್ಲಿ ಅಲ್ಲಿ ರೋಗಿಗಳನ್ನು ಪೊಲೀಸ್ ವ್ಯಾನಿನಲ್ಲೇ ಹಾಕಿಕೊಂಡು ಹೋಗುತ್ತಿದ್ದರು. ಹಿಲ್ ಡಿಸ್ಟ್ರಿಕ್ಟ್ ಅನ್ನುವ ಕಪ್ಪು ಜನರ ಬಡಾವಣೆಗೆ ಆ ವ್ಯಾನೂ ಸರಿಯಾಗಿ ಬರುತ್ತಿರಲಿಲ್ಲ. ಫ್ರೀಡಂ ಹೌಸ್ ಅಲ್ಲಿನ ಕಪ್ಪು ಜನರೇ ನಡೆಸುತ್ತಿದ್ದ ಸಂಸ್ಥೆ. ಫಿಲ್ ಹ್ಯಾಲನ್ ಅನ್ನುವವರು ಅದನ್ನು ಡಾ. ಪೀಟರ್ ಸಾಫರ್ ಜೊತೆ ಸೇರಿಸಿದರು. ಎದೆ ಒತ್ತಿ, ಬಾಯಿಗೆ ಉಸಿರು ಕೊಟ್ಟು ಜೀವ ಉಳಿಸುವ ಸಿಪಿಆರ್ ವಿಧಾನವನ್ನು ರೂಪಿಸಿದವರಲ್ಲಿ ಈ ಸಾಫರ್ ಮುಖ್ಯರು, ವಿಯೆನ್ನಾದಲ್ಲಿ ಹುಟ್ಟಿದವರು. 1966ರಲ್ಲಿ ಅವರ ಸ್ವಂತ ಮಗಳೇ ಅಸ್ತಮಾದಿಂದ ತೀರಿಕೊಂಡಿದ್ದಳು. ಮರುವರ್ಷ ಫ್ರೀಡಂ ಹೌಸ್‌ನ ಆಂಬುಲೆನ್ಸ್ ಸೇವೆ ಹುಟ್ಟಿತು.

ಅವರು ಆರಿಸಿಕೊಂಡದ್ದು ಯಾರನ್ನು ಗೊತ್ತಾ? ಅದೇ ಬಡಾವಣೆಯ ಕೆಲಸವಿಲ್ಲದ ಹುಡುಗರನ್ನು. ಎಷ್ಟೋ ಮಂದಿ ಹೈಸ್ಕೂಲೂ ಮುಗಿಸಿರಲಿಲ್ಲ. ಸುಮಾರು 300 ಗಂಟೆಗಳ ತರಬೇತಿ ಕೊಟ್ಟರು, ಆಸ್ಪತ್ರೆಯಲ್ಲಿ ನಿಲ್ಲಿಸಿ ಕಲಿಸಿದರು, ಆಮೇಲೆ ಅದೇ ಹುಡುಗರು ಇಡೀ ದೇಶಕ್ಕೆ ಮಾದರಿಯಾದರು. ಡಾ. ನ್ಯಾನ್ಸಿ ಕ್ಯಾರೊಲಿನ್ ಈ ಹುಡುಗರ ಜೊತೆ ಗಾಡಿಯಲ್ಲಿ ಓಡಾಡಿ, ಆಸ್ಪತ್ರೆ ಸೇರುವ ಮುಂಚೆಯೇ ಚಿಕಿತ್ಸೆ ಕೊಡುವ ಪ್ಯಾರಾಮೆಡಿಕ್‌ಗಳಿಗೆ ಪಠ್ಯ ಬರೆದರು. ಇಷ್ಟಾದರೂ 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಶುರು ಮಾಡಿ ಫ್ರೀಡಂ ಹೌಸ್ ಮುಚ್ಚಿಸಿತು, ಆ ಹುಡುಗರಲ್ಲಿ ಹೆಚ್ಚಿನವರು ಹೊಸ ಸೇವೆಯಲ್ಲಿ ಉಳಿಯಲೇ ಇಲ್ಲ. ಓದಿದಾಗ ಹೊಟ್ಟೆ ಉರಿಯಿತು. ಉಳಿದ ಕೆಲವರಲ್ಲಿ ಒಬ್ಬರಾದ ಜಾನ್ ಮೂನ್ ಹಟ ಹಿಡಿದು ನಿಂತು, ಮುಂದೆ ಅದೇ ಸೇವೆಯ ಸಹಾಯಕ ಮುಖ್ಯಸ್ಥರಾದರು.

ನಮ್ಮ ಮುಂಬಯಿಯಲ್ಲೂ ಕೆಲವು ಗೆಳೆಯರು ಸೇರಿ 1298 ಅನ್ನುವ ಫೋನ್ ನಂಬರಿನ ಆಂಬುಲೆನ್ಸ್ ಸೇವೆ ಶುರು ಮಾಡಿದರು. ಖಾಸಗಿ ಆಸ್ಪತ್ರೆಗೆ ಹೋಗುವವರು ಪೂರ್ತಿ ಹಣ ಕೊಡಬೇಕಿತ್ತು, ಸರ್ಕಾರಿ ಆಸ್ಪತ್ರೆಗೆ ಹೋಗುವ ಬಡವರಿಗೆ ಕಡಿಮೆ ಇತ್ತು. 2008ರ ನವೆಂಬರ್ 26ರ ದಾಳಿಯ ರಾತ್ರಿ ಗಾಯಾಳುಗಳನ್ನು ಸಾಗಿಸಲು ಆ ಗಾಡಿಗಳೂ ಓಡಿದವು. 2014ರಿಂದ ಸರ್ಕಾರದ 108 ಇದೆ, ಅದರಲ್ಲಿ ಡಾಕ್ಟರ್ ಕೂಡ ಇರುತ್ತಾರೆ. ಆದರೆ ಈ ಟ್ರಾಫಿಕ್‌ನಲ್ಲಿ ಮೊದಲು ತಲುಪುವುದು ಎಷ್ಟೋ ಸಲ ಪಕ್ಕದ ಗಲ್ಲಿಯ ಸಂಘದ ಗಾಡಿಯೇ ಅಲ್ವಾ?

ಹೋಟೆಲ್ ಹುಡುಗರಿಗೆ ರಾತ್ರಿ ಶಾಲೆ ನಡೆಸಿ ಓದಿಸಿದ ಸಮಾಜ ನಮ್ಮದು. ನಮ್ಮ ಸಂಘಗಳಲ್ಲಿ ಡಾಕ್ಟರರಿದ್ದಾರೆ, ನರ್ಸ್‌ಗಳಿದ್ದಾರೆ, ಸಭಾಂಗಣ ಇದೆ. ಮುಂದಿನ ಗಾಡಿಗೆ ಹಣ ಎತ್ತುವಾಗಲೇ ಅದರಲ್ಲಿ ಕೆಲಸ ಮಾಡುವ ನಾಲ್ಕಾರು ಹುಡುಗ ಹುಡುಗಿಯರ ತರಬೇತಿಗೂ ಸಂಬಳಕ್ಕೂ ಹಣ ತೆಗೆದಿಡಿ. ಅವರ ಫೋಟೋವನ್ನೂ ನೀವು ಪತ್ರಿಕೆಯಲ್ಲಿ ಹಾಕಿ.

ಒಬ್ಬ ಓದುಗ, ಡೊಂಬಿವಲಿ