ಅಪ್ಪನನ್ನು ತಡೆದು ನಿಲ್ಲಿಸಿದ ಅಣ್ಣನಿಗೆ

ಮೊನ್ನೆಯ ಗಾಳಿಮಳೆಗೆ ತೀರ್ಥಹಳ್ಳಿ ಕಡೆಯ ನಮ್ಮ ತೋಟದ ದಾರಿಯಲ್ಲಿ ವಿದ್ಯುತ್ ತಂತಿ ಹರಿದುಬಿದ್ದಿತ್ತು. ಪಕ್ಕದಲ್ಲಿ ಒದ್ದಾಡುತ್ತಿದ್ದ ಹಸುವನ್ನು ಕಂಡು ಅಪ್ಪ ಬಿದಿರು ಗಳ ಹಿಡಿದು ಓಡಿದರು. ಬೈಕ್ ನಿಲ್ಲಿಸಿ ಅವರನ್ನು ಕೂಗಿ ತಡೆದ ಅಣ್ಣ, ನಿಮ್ಮ ಹೆಸರು ಕೇಳಲೂ ಆಗಲಿಲ್ಲ.

ಒದ್ದೆ ಬಿದಿರಿನಲ್ಲೂ ವಿದ್ಯುತ್ ಹರಿಯುತ್ತದೆ, ತಂತಿಯ ಸುತ್ತಲಿನ ನೆಲದಲ್ಲೂ ಹರಡಿರುತ್ತದೆ, ದೊಡ್ಡ ಹೆಜ್ಜೆ ಇಟ್ಟಷ್ಟೂ ಅಪಾಯ ಹೆಚ್ಚು ಎಂದಿರಿ. ಮುಂಗಾಲಿಗೂ ಹಿಂಗಾಲಿಗೂ ಅಷ್ಟು ಅಂತರವಿರುವ ದನಗಳು ಮೊದಲು ಬಲಿಯಾಗುವುದು ಅದಕ್ಕೇ. ಕಾಲೆತ್ತದೆ, ಎರಡೂ ಪಾದಗಳನ್ನು ಜೋಡಿಸಿಕೊಂಡು ಜಾರುತ್ತಾ ಹಿಂದೆ ಬರುವಂತೆ ಅಪ್ಪನಿಗೆ ಹೇಳಿದಿರಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಲೈನ್‌ಮನ್ ಬಂದು ವಿದ್ಯುತ್ ಕಡಿತಗೊಂಡಿದೆ ಎನ್ನುವವರೆಗೂ ಮಳೆಯಲ್ಲೇ ನಿಂತು ದಾರಿ ಕಾದಿರಿ.

ಹಸು ಉಳಿಯಲಿಲ್ಲ. ಅಪ್ಪ ಉಳಿದಿದ್ದಾರೆ. ನಿಮಗೆ ನಮ್ಮ ಮನೆಯವರೆಲ್ಲರ ನಮಸ್ಕಾರ. ಈ ಕಡೆ ಬಂದಾಗ ಊಟಕ್ಕೆ ಖಂಡಿತ ಬನ್ನಿ, ಅಮ್ಮ ದಿನವೂ ನಿಮ್ಮನ್ನು ಕೇಳುತ್ತಾರೆ.