ಪುಸ್ತಕವೇನೋ ಉಚಿತ, ಓದುವುದು ಹೇಗೆ?

ಮಾನ್ಯರೇ,

ಮೂಡಿಗೆರೆಯ ಮಳೆಗಾಲದಲ್ಲಿ ಕರೆಂಟು ಹೋದರೂ ಡಿಜಿಟಲ್ ಪುಸ್ತಕ ಓದುವ ನನ್ನ ಪುಟ್ಟ ಸಾಧನ, ಇ-ರೀಡರ್, ಕೈ ಬಿಡುವುದಿಲ್ಲ. ಪುಸ್ತಕಕ್ಕೆ ದುಡ್ಡೂ ಬೇಕಿಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಡಿಜಿಟಲ್ ಪುಸ್ತಕ ಭಂಡಾರ 1971ರಿಂದ ಉಚಿತವಾಗಿ ಹಂಚುತ್ತಿದೆ. ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಕೆಲವನ್ನು ಲೈಬ್ರರಿಯಂತೆ ಎರವಲು ಪಡೆಯಬಹುದು.

ಕನ್ನಡದ್ದೇ ತಾಪತ್ರಯ. ಆರ್ಕೈವ್‌ನಲ್ಲಿ ಹಳೆಯ ಪುಸ್ತಕಗಳು ರಾಶಿ ಇವೆ, ಆದರೆ ಜಾಸ್ತಿ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳೇ. ಆರು ಇಂಚಿನ ಪರದೆಯಲ್ಲಿ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ. ದೊಡ್ಡದು ಮಾಡಿದರೆ ಸಾಲು ಅರ್ಧಕ್ಕೇ ತುಂಡಾಗುತ್ತದೆ. ಹುಡುಕುವಾಗ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆದು ನೋಡಬೇಕು!

ಲೇಖಕರು ತೀರಿಕೊಂಡು 60 ವರ್ಷ ಕಳೆದ ಕೃತಿಗಳಿಗೆ ಹಕ್ಕಿನ ತಕರಾರಿಲ್ಲ, ಅಲ್ವಾ? ಅವನ್ನಾದರೂ ಯಾರು ಬೇಕಾದರೂ ಪುಸ್ತಕ ಸೇರಿಸಬಹುದಾದ ಕನ್ನಡ ವಿಕಿಸೋರ್ಸ್ ತಾಣದಲ್ಲಿ ಟೈಪ್ ಮಾಡಿದರೆ, ಅಕ್ಷರ ದೊಡ್ಡದು ಮಾಡಿದರೂ ಸಾಲು ತುಂಡಾಗದ ಇಪಬ್ ಕಡತವಾಗಿ ಇಳಿಸಿಕೊಳ್ಳಬಹುದು. ಚಿಕ್ಕಮಗಳೂರಿನ ಕಾಲೇಜು ಹುಡುಗರು ವಾರಕ್ಕೆರಡು ಪುಟ ಮಾಡಲಿ. ನಾನು ಈಗಾಗಲೇ ಶುರು ಮಾಡಿದ್ದೇನೆ, ಕೈ ಮಾತ್ರ ನಿಧಾನ.

– ಓದುಗ, ಮೂಡಿಗೆರೆ