ಊರಿನ ಹುಡುಗರಿಗೆ ಆ್ಯಪ್ ಕೊಡಿಸುವ ಮುನ್ನ

ಜೂನ್ ತಿಂಗಳಲ್ಲಿ ಊರಿಗೆ ಫೋನ್ ಮಾಡಿದರೆ ಮಳೆ, ಬಿತ್ತನೆಯ ಮಾತು ಮುಗಿದ ಮೇಲೆ ಬರುವ ಸುದ್ದಿ ಇದು: ‘ಸಣ್ಣಾಂವ ಈ ವರ್ಷ ನವೋದಯ ಪರೀಕ್ಷಾ ಕಟ್ಟಾಂವ ಅದಾನ.’ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಐದನೇ ಇಯತ್ತೆಯ ಮಗುವಿರುವ ಮನೆಗಳಲ್ಲಿ ನವೋದಯ, ಸೈನಿಕ ಶಾಲೆ, ಕಿತ್ತೂರು, ಮೊರಾರ್ಜಿ ಈ ನಾಲ್ಕು ವಸತಿ ಶಾಲೆಗಳ ಹೆಸರು ಒಂದೇ ಉಸಿರಿನಲ್ಲಿ ಬರುತ್ತವೆ. ಇಲ್ಲಿ ಇಂಗ್ಲೆಂಡಿನಲ್ಲಿರುವ ಕಾಕಾ, ಮಾಮಾ, ಅತ್ತಿಯರಿಗೆ ತಕ್ಷಣ ಹೊಳೆಯುವುದು ಒಂದು ಟ್ಯಾಬ್ಲೆಟ್ ಮತ್ತು ಯಾವುದಾದರೂ ಆ್ಯಪಿನ ವರ್ಷದ ಚಂದಾ. ನಮ್ಮ ಮಕ್ಕಳಿಗೆ ಇಲ್ಲಿನ ಗ್ರಾಮರ್ ಶಾಲೆ ಸೇರುವ ಇಲೆವೆನ್ ಪ್ಲಸ್ ಪರೀಕ್ಷೆಗೆ ಕೊಡಿಸಿದ್ದೇವಲ್ಲ, ಅವರಿಗೂ ಕೊಡಿಸೋಣ ಎಂಬ ಲೆಕ್ಕ. ಕೊಡಿಸಿ, ಬೇಡ ಅನ್ನುವುದಿಲ್ಲ. ಆದರೆ ಆ ಪರೀಕ್ಷೆಯ ಕಟ್ಟು ಹೇಗಿದೆ ಎಂದು ಮೊದಲು ತಿಳಿದುಕೊಳ್ಳಿ. ಇಲ್ಲದಿದ್ದರೆ ಹುಡುಗ ವರ್ಷವಿಡೀ ಆ್ಯಪಿನ ಪರೀಕ್ಷೆಗೆ ತಯಾರಾಗುತ್ತಾನೆ, ನವೋದಯದ ಪರೀಕ್ಷೆಗಲ್ಲ.

ನವೋದಯದ ಆರನೇ ತರಗತಿ ಪ್ರವೇಶಕ್ಕೆ 80 ಪ್ರಶ್ನೆ, 100 ಅಂಕ, 2 ಗಂಟೆ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, ಅಂಕಗಣಿತಕ್ಕೆ 20, ಭಾಷೆಗೆ 20. ಪ್ರತಿ ಪ್ರಶ್ನೆಗೆ 1.25 ಅಂಕ. ಸೈನಿಕ ಶಾಲೆಯ ಆರನೇ ತರಗತಿ ಪರೀಕ್ಷೆ ಇನ್ನೊಂದು ಬಗೆಯದು: 125 ಪ್ರಶ್ನೆ, 300 ಅಂಕ, 150 ನಿಮಿಷ. ಅದರಲ್ಲಿ ಗಣಿತದ 50 ಪ್ರಶ್ನೆಗೆ ತಲಾ 3ರಂತೆ 150 ಅಂಕ. ಬುದ್ಧಿಶಕ್ತಿ, ಭಾಷೆ, ಸಾಮಾನ್ಯ ಜ್ಞಾನ ಒಂದೊಂದಕ್ಕೆ 25 ಪ್ರಶ್ನೆ, 50 ಅಂಕ. ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ಎರಡರಲ್ಲೂ ತಪ್ಪುತ್ತರಕ್ಕೆ ಅಂಕ ಕಡಿತವಿಲ್ಲ. 1963ರಿಂದ ಇರುವ ವಿಜಯಪುರದ ಸೈನಿಕ ಶಾಲೆಗೂ, ಬೆಳಗಾವಿ ಜಿಲ್ಲೆಯ ಸಂಗೊಳ್ಳಿ ರಾಯಣ್ಣ ಸೈನಿಕ ಶಾಲೆಗೂ ಇದೇ ಅಖಿಲ ಭಾರತ ಪರೀಕ್ಷೆ. ಕಿತ್ತೂರಿನ ಬಾಲಕಿಯರ ಸೈನಿಕ ಶಾಲೆಯದು ಅದರದೇ ಪರೀಕ್ಷೆ, ಮೊರಾರ್ಜಿ ವಸತಿ ಶಾಲೆಗಳದು ರಾಜ್ಯ ಸರ್ಕಾರದ್ದು. ಅವೆರಡನ್ನೂ ಇಲ್ಲಿ ಎಳೆದು ತರುವುದಿಲ್ಲ.

ಈಗ ಆ್ಯಪ್‌ಗಳ ಕಡೆ ನೋಡಿ. ‘ಸೈನಿಕ-ನವೋದಯ’ ಎಂದು ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಮಾರುವವೇ ಹೆಚ್ಚು. ನವೋದಯದಲ್ಲಿ ಅರ್ಧ ಅಂಕ ಚಿತ್ರಗಳ ಮೇಲೆ ನಿಂತಿದೆ, ಸೈನಿಕ ಶಾಲೆಯಲ್ಲಿ ಅರ್ಧ ಅಂಕ ಗಣಿತದ ಮೇಲೆ. ನವೋದಯ ಮಾತ್ರ ಕಟ್ಟುವ ಹುಡುಗ ದಿನಾ ಸಾಮಾನ್ಯ ಜ್ಞಾನದ ಕ್ವಿಜ್ ಆಡುತ್ತ ಕೂತರೆ ಆ ವೇಳೆ ನೀರಿನಲ್ಲಿ ಹೋಮ, ಏಕೆಂದರೆ ಆ ಪರೀಕ್ಷೆಯಲ್ಲಿ ಆ ಭಾಗವೇ ಇಲ್ಲ. ಆ್ಯಪ್ ಹಾಕಿಕೊಂಡ ಕೂಡಲೇ ಆ ವರ್ಷದ ಪ್ರಾಸ್ಪೆಕ್ಟಸ್ ಪಕ್ಕದಲ್ಲಿಟ್ಟುಕೊಂಡು ಬೇಡದ ಪಾಠಗಳನ್ನು ಗುರುತು ಹಾಕುವುದು ದೊಡ್ಡವರ ಮೊದಲ ಕೆಲಸ.

ಒಂದು ವಿಷಯದಲ್ಲಿ ಮಾತ್ರ ಇಲ್ಲಿನ ಸರಕು ಊರಿನ ಹುಡುಗರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಇಲೆವೆನ್ ಪ್ಲಸ್‌ನ ನಾನ್-ವರ್ಬಲ್ ರೀಸನಿಂಗ್ (ಚಿತ್ರ ನೋಡಿ ತರ್ಕಿಸುವ) ಪುಸ್ತಕಗಳನ್ನೂ ನವೋದಯದ ಮಾನಸಿಕ ಸಾಮರ್ಥ್ಯದ ಪತ್ರಿಕೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ: ಗುಂಪಿಗೆ ಸೇರದ ಚಿತ್ರ, ಚಿತ್ರಗಳ ಸರಣಿ, ಸಾದೃಶ್ಯ, ಕನ್ನಡಿ ಬಿಂಬ, ಕಾಗದ ಮಡಿಸಿ ತೂತು ಹಾಕುವುದು, ದೊಡ್ಡ ಆಕೃತಿಯಲ್ಲಿ ಅಡಗಿದ ಸಣ್ಣ ಆಕೃತಿ. ಚಿತ್ರಕ್ಕೆ ಭಾಷೆಯ ಹಂಗಿಲ್ಲ. ನಿಮ್ಮ ಮಗಳು ಬರೆದು ಮುಗಿಸಿದ ಪುಸ್ತಕದ ಉತ್ತರಗಳನ್ನು ಅಳಿಸಿ ಊರಿಗೆ ಹೋಗುವಾಗ ಒಯ್ದರೆ, ಅದು ಕನ್ನಡ ಮಾಧ್ಯಮದ ಹುಡುಗನಿಗೂ ನಡೆಯುತ್ತದೆ. ಇಲ್ಲಿನವುಗಳಲ್ಲಿ ಐದು ಆಯ್ಕೆ ಇರುವುದುಂಟು, ಅಲ್ಲಿ ನಾಲ್ಕು. ಅಷ್ಟು ವ್ಯತ್ಯಾಸಕ್ಕೆ ಏನೂ ಕೆಡುವುದಿಲ್ಲ. ಇಂಗ್ಲಿಷ್ ಪದಗಳ ಮೇಲೆ ನಿಂತ ವರ್ಬಲ್ ರೀಸನಿಂಗ್ ಪುಸ್ತಕಗಳನ್ನು ಮಾತ್ರ ಹೊರಬೇಡಿ, ಸುಮ್ಮನೆ ಭಾರ.

ಚಿತ್ರದ ಪ್ರಶ್ನೆಗಳಲ್ಲೇ ಆ್ಯಪ್ ಸೋಲುವ ಜಾಗವೂ ಇದೆ. ಫೋನಿನಲ್ಲಿ ಮಗು ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ನೋಡುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಚಿತ್ರ ಅಂಚೆ ಚೀಟಿಯಷ್ಟು, ಕೆಲವೊಮ್ಮೆ ಮುದ್ರಣವೂ ಮಂಕು. ಕೆಲವು ಆ್ಯಪ್‌ಗಳು ಕಾಗದ ಬಿಚ್ಚಿಕೊಳ್ಳುವುದನ್ನು ಅನಿಮೇಶನ್‌ನಲ್ಲಿ ತೋರಿಸಿಬಿಡುತ್ತವೆ. ನೋಡುವಾಗ ಎಲ್ಲ ತಿಳಿದಂತಿರುತ್ತದೆ, ಆದರೆ ಬಿಚ್ಚುವ ಕೆಲಸವನ್ನು ತಲೆ ಮಾಡಿರುವುದಿಲ್ಲ. ಇದಕ್ಕೆ ಹಳೆಯ ಪೇಪರು, ಒಂದು ದಬ್ಬಣ ಸಾಕು. ಹಾಳೆಯನ್ನು ಅಂಗೈಯಗಲ ಚೌಕ ಕತ್ತರಿಸಿ, ಒಮ್ಮೆ ಅಡ್ಡ, ಒಮ್ಮೆ ಉದ್ದ ಮಡಿಸಿ, ಮಡಿಕೆಯಿಂದ ದೂರ ಒಂದು ತೂತು ಹಾಕಿ. ಬಿಚ್ಚುವ ಮೊದಲು, ತೂತು ಎಲ್ಲೆಲ್ಲಿ ಬರುತ್ತವೆ ಎಂದು ಮಗು ಇನ್ನೊಂದು ಚೌಕದಲ್ಲಿ ಗುರುತಿಸಲಿ. ಆಮೇಲೆ ಬಿಚ್ಚಿ ತಾಳೆ ನೋಡಲಿ. ಎರಡು ಮಡಿಕೆಗೆ ನಾಲ್ಕು ತೂತು ಬಂದವು. ಮೂರನೆಯದನ್ನು ಮೂಲೆಯಿಂದ ಮೂಲೆಗೆ ಮಡಿಸಿದಾಗ ಎಂಟು. ಮಕ್ಕಳು ಎಡವುವುದು ಈ ಓರೆ ಮಡಿಕೆಯಲ್ಲಿ: ತೂತುಗಳ ಸಂಖ್ಯೆ ಸರಿ ಹೇಳುತ್ತಾರೆ, ಜಾಗ ತಪ್ಪುತ್ತಾರೆ. ಕನ್ನಡಿ ಬಿಂಬದ್ದೂ ಹಾಗೆಯೇ. ಚಿತ್ರದ ಪಕ್ಕದ ಗೆರೆಯ ಮೇಲೆ ಸಣ್ಣ ಕನ್ನಡಿ ನಿಲ್ಲಿಸಿ ಒಂದು ವಾರ ನೋಡಲಿ, ನಂತರ ಕನ್ನಡಿ ತೆಗೆದಿಡಿ.

ಅಂಕದ ವಿಚಾರಕ್ಕೆ ಬರೋಣ, ಊರಿಂದ ವಾಟ್ಸ್ಯಾಪ್‌ನಲ್ಲಿ ಬರುವ ಸ್ಕ್ರೀನ್‌ಶಾಟ್‌ಗಳು ನಮ್ಮನ್ನು ಯಾಮಾರಿಸುವುದೇ ಇಲ್ಲಿ. ನಾಲ್ಕು ಆಯ್ಕೆಯ 20 ಪ್ರಶ್ನೆಗೆ ಕಣ್ಣು ಮುಚ್ಚಿ ಒತ್ತಿದರೂ ಸರಾಸರಿ 5 ಸರಿ ಬೀಳುತ್ತವೆ. ಹಾಗಾಗಿ 20ಕ್ಕೆ 5 ಅಂದರೆ ಆ ಪಾಠ ಏನೂ ಬಂದಿಲ್ಲ ಅಂತಲೇ ಅರ್ಥ; 20ಕ್ಕೆ 8 ಕೂಡ ಕಾಣುವಷ್ಟು ಚೆನ್ನಾಗಿಲ್ಲ. ಇನ್ನೊಂದು ಮೋಸ ಪ್ರಶ್ನೆಗಳ ದಾಸ್ತಾನಿನದು. ಒಂದು ಪಾಠಕ್ಕೆ ಐವತ್ತೋ ಅರವತ್ತೋ ಪ್ರಶ್ನೆ ಇಟ್ಟು ಅವನ್ನೇ ಹಿಂದುಮುಂದು ಮಾಡಿ ಕೊಟ್ಟರೆ, ಮೂರನೇ ವಾರಕ್ಕೆ ಅಂಕ ಏರುತ್ತದೆ. ಏರಿದ್ದು ಲೆಕ್ಕದ ತಿಳಿವಳಿಕೆಯಿಂದಲೋ ನೆನಪಿನಿಂದಲೋ ಗೊತ್ತಾಗಬೇಕಾದರೆ, ಅದೇ ಪ್ರಶ್ನೆಯ ಅಂಕಿ ಬದಲಿಸಿ ಆಯ್ಕೆಗಳಿಲ್ಲದೆ ಕಾಗದದ ಮೇಲೆ ಕೊಡಿ. ಸತತ ಇಷ್ಟು ದಿನ ಆಡಿದರೆ ಬಿರುದು, ನಾಣ್ಯ ಎಂಬ ಆಟಗಳಿರುವ ಆ್ಯಪ್‌ಗಳಲ್ಲಂತೂ ಮಕ್ಕಳು ಸುಲಭದ ಪಾಠವನ್ನೇ ಮತ್ತೆ ಮತ್ತೆ ಆರಿಸುತ್ತಾರೆ. ಅವರ ತಪ್ಪೇನಿಲ್ಲ, ನಾಣ್ಯ ಸಿಗುವುದು ಅಲ್ಲೇ.

ಆ್ಯಪಿನಿಂದ ನಿಜವಾಗಿ ಪಡೆಯಬೇಕಾದ್ದು ತಪ್ಪುಗಳ ಪಟ್ಟಿ. ಒಂದು ಪ್ರಶ್ನೆ ತೆಗೆದುಕೊಳ್ಳಿ: ಮೂರು ಗಂಟೆಗಳು 6, 8, 12 ನಿಮಿಷಕ್ಕೊಮ್ಮೆ ಬಾರಿಸುತ್ತವೆ, ಬೆಳಗ್ಗೆ 7ಕ್ಕೆ ಒಟ್ಟಿಗೆ ಬಾರಿಸಿದರೆ ಮತ್ತೆ ಒಟ್ಟಿಗೆ ಬಾರಿಸುವುದು ಯಾವಾಗ? ಲ.ಸಾ.ಅ. 24, ಉತ್ತರ 7 ಗಂಟೆ 24 ನಿಮಿಷ. ಹುಡುಗ 7:02 ಎಂದು ಒತ್ತಿದ್ದರೆ ಮ.ಸಾ.ಅ. ತೆಗೆದಿದ್ದಾನೆ. 7:26 ಎಂದಿದ್ದರೆ ಮೂರನ್ನೂ ಕೂಡಿಸಿದ್ದಾನೆ, ಅಂದರೆ ಪ್ರಶ್ನೆ ಏನು ಕೇಳುತ್ತಿದೆ ಎಂಬುದೇ ಹತ್ತಿಲ್ಲ. 7:48 ಎಂದಿದ್ದರೆ ಸಾಮಾನ್ಯ ಅಪವರ್ತ್ಯ ಗೊತ್ತು, ಎಲ್ಲಕ್ಕಿಂತ ಚಿಕ್ಕದು ಬೇಕೆಂಬುದು ಮರೆತಿದೆ. ಮೂರಕ್ಕೂ ಆ್ಯಪ್ ತೋರಿಸುವುದು ಒಂದೇ ಕೆಂಪು ಗುರುತು. ಆದ್ದರಿಂದ ಪಕ್ಕದಲ್ಲಿ ಒಂದು ವಹಿ ಇರಲಿ. ತಪ್ಪಾದ ಪ್ರಶ್ನೆ, ಹುಡುಗ ಒತ್ತಿದ ಉತ್ತರ, ಕಾರಣ: ತಿಳಿದಿರಲಿಲ್ಲ, ಕೂಡಿ ಕಳೆಯುವಲ್ಲಿ ತಪ್ಪಿತು, ಪ್ರಶ್ನೆ ಓದಲಿಲ್ಲ, ವೇಳೆ ಸಾಲಲಿಲ್ಲ. ಈ ನಾಲ್ಕರಲ್ಲಿ ಒಂದು. ಶನಿವಾರ ಆ ವಹಿಯ ಎರಡು ಪುಟವನ್ನು ಫೋಟೋ ತೆಗೆದು ಕಳಿಸಲು ಹೇಳಿ, ಅಂಕದ ಸ್ಕ್ರೀನ್‌ಶಾಟ್ ಬೇಡ. ಇಲ್ಲಿ ಕೂತು ಕಾಕಾ ಮಾಡಬಹುದಾದ ಸಹಾಯಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ‘ಪ್ರಶ್ನೆ ಓದಲಿಲ್ಲ’ ಎಂಬುದೇ ಹೆಚ್ಚಿದ್ದರೆ ಗಣಿತದ ವಿಡಿಯೊ ಎಷ್ಟು ನೋಡಿದರೂ ಫಲವಿಲ್ಲ, ದಿನಾ ಕನ್ನಡ ಗದ್ಯ ಗಟ್ಟಿಯಾಗಿ ಓದಿಸಬೇಕು. ಅದು ಭಾಷಾ ವಿಭಾಗದ ಗದ್ಯಭಾಗಗಳಿಗೂ ಆಯಿತು.

ಆ್ಯಪಿಗೆ ದಿನಕ್ಕೆ ಅರ್ಧ ತಾಸು ಸಾಕು. ಅಪ್ಪನ ಫೋನು ರಾತ್ರಿ ಎಂಟಕ್ಕೆ ಮನೆಗೆ ಬರುವಂತಿದ್ದರೆ ಪಾಠಗಳನ್ನು ಮೊದಲೇ ಡೌನ್‌ಲೋಡ್ ಮಾಡಿಡಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ ಮಾಡುವ ಸೌಲಭ್ಯವಿದೆ, ಅದನ್ನು ಹಾಕಿದರೆ ಪಿನ್ ನಂಬರ್ ಇಲ್ಲದೆ ಯೂಟ್ಯೂಬ್‌ಗೆ ಜಿಗಿಯಲು ಬರುವುದಿಲ್ಲ. ಕರ್ನಾಟಕದ ಪಠ್ಯಪುಸ್ತಕಗಳ ಕ್ಯೂಆರ್ ಕೋಡ್ ತೆರೆಯುವ ದೀಕ್ಷಾ ಆ್ಯಪ್ ಪುಕ್ಕಟೆ, ಕನ್ನಡದಲ್ಲೇ ಇದೆ. ಪಾಠ ತಿಳಿಯದಿದ್ದಾಗ ಮೊದಲು ಅಲ್ಲಿ ನೋಡಲಿ.

ಕೊನೆಯ ಎರಡು ತಿಂಗಳು ಆ್ಯಪ್ ಹಿಂದೆ ಸರಿಯಬೇಕು. ಎರಡೂ ಪರೀಕ್ಷೆ ಕಾಗದದ ಮೇಲೆ, ಬಾಲ್‌ಪೆನ್ನಿನಲ್ಲಿ, ಓಎಂಆರ್ ಹಾಳೆಯ ಗುಂಡು ತುಂಬಿ ಬರೆಯುವಂಥವು. ಪೆನ್ಸಿಲ್ ಇಲ್ಲ, ಅಳಿಸುವಂತಿಲ್ಲ. ಬುದ್ಧಿವಂತ ಹುಡುಗರೂ ಕೆಡುವುದು ಹೀಗೆ: 17ನೇ ಪ್ರಶ್ನೆ ಕಷ್ಟವೆಂದು ಬಿಡುತ್ತಾರೆ, 18ರ ಉತ್ತರವನ್ನು 17ರ ಸಾಲಿನಲ್ಲಿ ತುಂಬುತ್ತಾರೆ, ಅಲ್ಲಿಂದ ಮುಂದೆ ಎಲ್ಲವೂ ಒಂದು ಮನೆ ಮೇಲೆ. ಆ್ಯಪಿನಲ್ಲಿ ಈ ತಪ್ಪು ಆಗಲು ಸಾಧ್ಯವೇ ಇಲ್ಲ, ಅದಕ್ಕೇ ಆ್ಯಪ್ ಅದನ್ನು ತಿದ್ದಲಾರದು. ಗುಂಡು ತುಂಬುವ ಮೊದಲು ಪ್ರಶ್ನೆಯ ಸಂಖ್ಯೆಯನ್ನು ಬಾಯಲ್ಲೇ ಅಂದುಕೊಳ್ಳುವುದು, ಪ್ರತಿ ಹತ್ತಕ್ಕೆ ಒಮ್ಮೆ ಹಾಳೆ ತಾಳೆ ನೋಡುವುದು ರೂಢಿಯಾಗಬೇಕು. ಹಳೆಯ ಪ್ರಶ್ನೆಪತ್ರಿಕೆ ಮತ್ತು ಖಾಲಿ ಓಎಂಆರ್ ಹಾಳೆಗಳನ್ನು ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸಿ, ಭಾನುವಾರಕ್ಕೊಂದು ಪೂರ್ತಿ ಪತ್ರಿಕೆ ಬರೆಸಲಿ. ನವೋದಯದ್ದು ಬೆಳಗ್ಗೆ 11:30ಕ್ಕೆ ಶುರುವಾಗುತ್ತದೆ. ಸೈನಿಕ ಶಾಲೆಯದ್ದು ಮಧ್ಯಾಹ್ನ 2ಕ್ಕೆ; ರೊಟ್ಟಿ ಊಟ ಮಾಡಿ ಜೊಂಪು ಹತ್ತುವ ಹೊತ್ತದು, ಆ ಹೊತ್ತಿನಲ್ಲೇ ಕೂರಿಸಿ.

ವೇಳೆಯ ಹಂಚಿಕೆ ನವೋದಯದಲ್ಲಿ ಸರಳ: ಪ್ರಶ್ನೆಗೆ 90 ಸೆಕೆಂಡು. ಸೈನಿಕ ಶಾಲೆಯಲ್ಲಿ ಸರಾಸರಿ 72 ಸೆಕೆಂಡೇ ಇರುವುದರಿಂದ ಗಣಿತಕ್ಕೆ 75 ನಿಮಿಷ ಇಟ್ಟು, ಉಳಿದ ಮೂರು ವಿಭಾಗವನ್ನು 65 ನಿಮಿಷದಲ್ಲಿ ಮುಗಿಸಿ, 10 ನಿಮಿಷ ಹಾಳೆ ನೋಡಲು ಉಳಿಸಬೇಕು. ಸಾಮಾನ್ಯ ಜ್ಞಾನ ಹನ್ನೆರಡು ನಿಮಿಷದ ಕೆಲಸ. ಅಲ್ಲಿ ಯೋಚಿಸುತ್ತ ಕೂತರೆ ಗೊತ್ತಿಲ್ಲದ್ದು ಗೊತ್ತಾಗುವುದಿಲ್ಲ. ಅಂಕ ಕಡಿತ ಇಲ್ಲದ್ದರಿಂದ ಕೊನೆಯ ಎರಡು ನಿಮಿಷದಲ್ಲಿ ಖಾಲಿ ಉಳಿದದ್ದನ್ನೆಲ್ಲ ತುಂಬಲಿ. ಆದರೆ ಮನೆಯಲ್ಲಿ ಬರೆಯುವಾಗ ಅಂದಾಜಿನವಕ್ಕೆ ಪಕ್ಕದಲ್ಲಿ ಚುಕ್ಕೆ ಇಡಲಿ, ಅಂಕ ಎಣಿಸುವಾಗ ಅವನ್ನು ಬಿಟ್ಟು ಎಣಿಸಿ. ಸೈನಿಕ ಶಾಲೆಯಲ್ಲಿ ಒಟ್ಟು ಶೇ. 40 ಬಂದರೆ ಸಾಲದು, ಪ್ರತಿ ವಿಭಾಗದಲ್ಲೂ ಶೇ. 25 ಬೇಕು (ಪರಿಶಿಷ್ಟ ಜಾತಿ, ಪಂಗಡದವರಿಗೆ ಈ ಮಿತಿ ಇಲ್ಲ). ಎಂದರೆ 25 ಪ್ರಶ್ನೆಯ ವಿಭಾಗದಲ್ಲಿ ಕನಿಷ್ಠ 7, ಗಣಿತದಲ್ಲಿ 13 ಸರಿಯಿರಬೇಕು. ಗಣಿತದಲ್ಲಿ ಹುಲಿ, ಸಾಮಾನ್ಯ ಜ್ಞಾನದಲ್ಲಿ 6 ಎಂದರೆ ಹುಡುಗ ಹೊರಗೆ. ಸೀಟು ಸಿಗುವ ಅಂಕ ಇದಕ್ಕಿಂತ ಬಹಳ ಮೇಲಿರುತ್ತದೆ, ಆ ಮಾತು ಬೇರೆ.

ಆ್ಯಪ್ ಹೇಳದ, ಆದರೆ ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ಒಂದಿದೆ. ನವೋದಯದ ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ. ಆ ಕೋಟಾ ಬೇಕಾದರೆ 3, 4, 5ನೇ ಇಯತ್ತೆ ಪೂರ್ತಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಇಲ್ಲಿಂದ ಹೋದ ರೊಕ್ಕದಿಂದ ಕೋಚಿಂಗಿಗೆ ಅನುಕೂಲವೆಂದು ಹುಡುಗನನ್ನು ಐದನೇ ಇಯತ್ತೆಗೆ ವಿಜಯಪುರ ಪಟ್ಟಣದ ಸಾಲಿಗೆ ಹಚ್ಚಿದರೆ, ಅವನು ನಗರದ ಅಭ್ಯರ್ಥಿಯಾಗಿಬಿಡುತ್ತಾನೆ. ಜೊತೆಗೆ, ಐದನೇ ಇಯತ್ತೆ ಓದುವ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ. ಜಮಖಂಡಿಯವರಿಗೆ, ಅಥಣಿಯವರಿಗೆ ವಿಜಯಪುರ ಹತ್ತಿರವೇ. ಆದರೆ ಜಮಖಂಡಿ ಬಾಗಲಕೋಟೆ ಜಿಲ್ಲೆ, ಅಥಣಿ ಬೆಳಗಾವಿ ಜಿಲ್ಲೆ. ಬೆಳಗಾವಿ ಜಿಲ್ಲೆಯ ನವೋದಯ ಚಿಕ್ಕೋಡಿ ಕಡೆಯ ಕೋಥಳಿಯಲ್ಲಿ, ವಿಜಯಪುರ ಜಿಲ್ಲೆಯದು ಆಲಮಟ್ಟಿಯಲ್ಲಿ. ಮೇಲಾಗಿ ನವೋದಯದ ಆರನೇ ತರಗತಿ ಪರೀಕ್ಷೆಯನ್ನು ಒಮ್ಮೆ ಮಾತ್ರ ಬರೆಯಬಹುದು. ಸೈನಿಕ ಶಾಲೆಗೆ ಪ್ರವೇಶದ ವರ್ಷದ ಮಾರ್ಚ್ 31ಕ್ಕೆ 10ರಿಂದ 12 ವರ್ಷ ಎಂಬ ನಿಯಮವಿರುವುದರಿಂದ ಕೆಲವರಿಗೆ ಎರಡನೇ ಅವಕಾಶ ಉಳಿಯುತ್ತದೆ. ರಜೆಗೆ ಕೋಚಿಂಗಿಗೆ ಕಳಿಸಿ, ಸಾಲಿ ಬದಲಿಸಬೇಡಿ.

ದುಡ್ಡು ಕಟ್ಟುವ ವಿಷಯ ಚಿಕ್ಕದು. ಇಲ್ಲಿ ಪೌಂಡಿನಲ್ಲಿ ಕೊಂಡ ಗೂಗಲ್ ಪ್ಲೇ ಗಿಫ್ಟ್ ಕಾರ್ಡ್ ಭಾರತದ ಖಾತೆಯಲ್ಲಿ ನಡೆಯುವುದಿಲ್ಲ. ಊರಿನ ಖಾತೆಗೆ ಹಣ ಹಾಕಿ ಅಲ್ಲಿಂದಲೇ ಕೊಳ್ಳಲಿ. ಆಟೊಪೇ ಒಪ್ಪಿಗೆ ಕೊಟ್ಟಿದ್ದರೆ 15,000 ರೂಪಾಯಿವರೆಗಿನ ಕಂತು ಪ್ರತಿ ಸಲ ಓಟಿಪಿ ಕೇಳದೆ ಕಡಿತವಾಗುತ್ತದೆ. ಪರೀಕ್ಷೆ ಮುಗಿದ ಮೇಲೂ ಹೋಗುತ್ತಿರುವ ಚಂದಾಗಳು ಎಷ್ಟೋ. ಮೊದಲು ಒಂದು ತಿಂಗಳಿನದು ಕೊಂಡು, ಕನ್ನಡದ ಪ್ರಶ್ನೆಗಳು ಓದುವಂತಿವೆಯೇ ಎಂದು ಊರಿನ ಮಾಸ್ತರರಿಗೆ ತೋರಿಸಿ. ಇಂಗ್ಲಿಷಿನಿಂದ ಯಂತ್ರ ತಿರುವಿದ ಕನ್ನಡ ಹತ್ತು ಪ್ರಶ್ನೆಯಲ್ಲೇ ಗೊತ್ತಾಗುತ್ತದೆ.

ಇನ್ನು ಒಂದೆರಡು ವರ್ಷದಲ್ಲಿ ಊರಿಗೇ ಮರಳುವ ಯೋಚನೆಯಲ್ಲಿರುವವರಿಗೆ ಒಂದು ಮಾತು. ಮಗುವಿಗೆ ಭಾರತದ ಪೌರತ್ವ ಇದ್ದರೆ ಮಾತ್ರ ಸೈನಿಕ ಶಾಲೆಯ ಮಾತು. ನವೋದಯಕ್ಕೆ ಹಿಂದಿನ ತರಗತಿಗಳನ್ನು ಎಲ್ಲಿ ಓದಿದ್ದು ಎಂಬುದನ್ನೂ ನೋಡುತ್ತಾರೆ, ನಾಲ್ಕನೆಯ ಇಯತ್ತೆ ಇಲ್ಲಿ ಮುಗಿಸಿ ಹೋದರೆ ಆ ಬಾಗಿಲು ಬಹುತೇಕ ಮುಚ್ಚಿದಂತೆ. ಸೈನಿಕ ಶಾಲೆಯ ಒಂಬತ್ತನೇ ತರಗತಿ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ, ವಯಸ್ಸು 13ರಿಂದ 15; 150 ಪ್ರಶ್ನೆ, 400 ಅಂಕ, 3 ಗಂಟೆ, ಅದರಲ್ಲೂ ಗಣಿತಕ್ಕೆ 200. ಇಲ್ಲಿ ಇಯರ್ 8 ಮುಗಿಸಿದ ಮಗುವಿಗೆ ಅದು ಹೆಚ್ಚು ಹೊಂದುತ್ತದೆ. ಸಮಾಜ ವಿಜ್ಞಾನ ಮಾತ್ರ ಭಾರತದ ಪಠ್ಯದಿಂದ ಹೊಸದಾಗಿ ಓದಬೇಕು, ಅದಕ್ಕೆ ಆರು ತಿಂಗಳಾದರೂ ಬೇಕು.